ಫೋನು ದೊಡ್ಡವರ ಕೈಯಲ್ಲಿ, ಆಟ ಮಗುವಿನ ಕೈಯಲ್ಲಿ: ಅಂಗನವಾಡಿಯ ಕಲಿಕೆಗೆ ಮನೆಯವರನ್ನು ಸೇರಿಸಿಕೊಳ್ಳುವ ಬಗೆ

ಈಗ ಹೆಚ್ಚಿನ ಅಂಗನವಾಡಿ, ನರ್ಸರಿಗಳಲ್ಲಿ ಪೋಷಕರ ವಾಟ್ಸ್‌ಆ್ಯಪ್ ಗ್ರೂಪ್ ಇದೆ. ಬಹಳ ಕಡೆ ಅದರಲ್ಲಿ ನಡೆಯುವುದು ಇಷ್ಟು: ಟೀಚರ್ ಒಂದು ಶಿಶುಗೀತೆಯ ಯೂಟ್ಯೂಬ್ ಲಿಂಕ್ ಹಾಕುತ್ತಾರೆ, ಅಮ್ಮ ಅದನ್ನು ಒತ್ತಿ ಫೋನನ್ನು ಮಗುವಿನ ಕೈಗಿತ್ತು ಒಲೆಯ ಕಡೆ ಹೋಗುತ್ತಾಳೆ. ಗೀತೆ ಮುಗಿದ ಕೂಡಲೇ ಇನ್ನೊಂದು ವಿಡಿಯೊ ತಾನಾಗಿ ಶುರುವಾಗುತ್ತದೆ, ಅದರ ಹಿಂದೆ ಮತ್ತೊಂದು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಗು ಯಾವುದೋ ಭಾಷೆಯ ಯಾವುದೋ ಕಾರ್ಟೂನಿನ ಮುಂದೆ ಕೂತಿರುತ್ತದೆ. ಟೀಚರ್ ಕಳಿಸಿದ್ದೂ ಅಮ್ಮ ತೋರಿಸಿದ್ದೂ ಒಳ್ಳೆಯ ಮನಸ್ಸಿನಿಂದಲೇ. ಆದರೆ ಮನೆಯವರು ಮಗುವಿನ ಕಲಿಕೆಯ ಒಳಗೆ ಬರಲೇ ಇಲ್ಲ, ಫೋನು ಬಂತು.

ಹಾಗಾಗಿ ಮೊದಲೇ ಒಂದು ನಿಯಮ ಇಟ್ಟುಕೊಳ್ಳಿ. ಗ್ರೂಪಿಗೆ ಹಾಕುವುದೆಲ್ಲ ದೊಡ್ಡವರಿಗಾಗಿ. ಅವರು ಅದನ್ನು ಒಂದೆರಡು ನಿಮಿಷ ಕೇಳಿ ಅಥವಾ ನೋಡಿ, ಫೋನನ್ನು ಪಕ್ಕಕ್ಕಿಟ್ಟು ಮಗುವಿನ ಜೊತೆ ಕೂರುವಂತಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಬಹಳಷ್ಟು ಮನೆಗಳಲ್ಲಿ ಆ ಒಂದು ಗಂಟೆ ಟಿವಿಯಲ್ಲೇ ಮುಗಿದಿರುತ್ತದೆ. ಅಂಗನವಾಡಿಯ ಹೆಸರಿನಲ್ಲಿ ಅದಕ್ಕೆ ಇನ್ನಷ್ಟು ಸೇರಿಸಬಾರದು.

ಮೊದಲು ಮನೆಗಳ ವಿವರ

ಗ್ರೂಪ್ ಮಾಡುವ ಮುಂಚೆ ಹಾಜರಿ ಪುಸ್ತಕದ ಪಕ್ಕ ಒಂದು ನೋಟ್‌ಬುಕ್ ಇಡಿ. ಪ್ರತಿ ಮಗುವಿಗೂ ಒಂದು ಪುಟ. ಮಗುವನ್ನು ಬಿಡಲು, ಕರೆದೊಯ್ಯಲು ಬಂದವರ ಹತ್ತಿರ ಬಾಗಿಲಲ್ಲೇ ನಿಂತು ಆರು ವಿಷಯ ಕೇಳಿ ಬರೆದುಕೊಳ್ಳಿ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವುದು ಯಾರ ಹತ್ತಿರ? ಅದು ಸಂಜೆ ಎಷ್ಟು ಗಂಟೆಗೆ ಮನೆಗೆ ಬರುತ್ತದೆ? ಸಂಜೆ ಹೊತ್ತು ಮಗುವಿನ ಜೊತೆ ಇರುವವರು ಯಾರು? ಅವರಿಗೆ ಕನ್ನಡ ಓದಲು ಬರುತ್ತದೆಯೇ? ಮನೆಯಲ್ಲಿ ಆಡುವ ಮಾತು ಯಾವುದು? ರೀಚಾರ್ಜ್ ತಿಂಗಳಿಡೀ ಇರುತ್ತದೆಯೇ, ನಡುವೆ ನಿಲ್ಲುತ್ತದೆಯೇ?

ಇದಕ್ಕೆ ಗೂಗಲ್ ಫಾರ್ಮ್ ಬೇಡ. ಫಾರ್ಮ್ ತುಂಬಲು ಆಗದ ಮನೆಗಳ ವಿವರವೇ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು.

ಬರೆದು ಮುಗಿದಾಗ ಮನೆಗಳು ಮೂರು ಗುಂಪಾಗುತ್ತವೆ: ಸಂಜೆ ಫೋನ್ ಮನೆಯಲ್ಲೇ ಇರುವವು, ಅಪ್ಪನ ಜೊತೆ ರಾತ್ರಿ ತಡವಾಗಿ ಫೋನ್ ಬರುವವು, ಕೀಪ್ಯಾಡ್ ಫೋನ್ ಮಾತ್ರ ಇರುವವು ಅಥವಾ ಏನೂ ಇಲ್ಲದವು. ಮೂರನೆಯ ಗುಂಪಿಗೆ ಏನು ಮಾಡುವುದೆಂದು ನಿರ್ಧರಿಸಿದ ಮೇಲಷ್ಟೇ ಮೊದಲನೆಯ ಗುಂಪಿನ ಕೆಲಸ ಶುರುಮಾಡಿ. ಇಲ್ಲದಿದ್ದರೆ ಆ ಮಕ್ಕಳು ವರ್ಷಪೂರ್ತಿ ಹೊರಗೇ ಉಳಿಯುತ್ತಾರೆ, ಯಾರ ಗಮನಕ್ಕೂ ಬರುವುದಿಲ್ಲ.

ಮಗುವಿನ ಜೊತೆ ಸಂಜೆ ಇರುವವರು ಅಜ್ಜಿಯಾಗಿದ್ದರೆ ನಾವು ಮಾತಾಡಬೇಕಾದದ್ದು ಅಜ್ಜಿಯ ಹತ್ತಿರ. ಸಂದೇಶ ಅಮ್ಮನ ನಂಬರಿಗೆ ಹೋಗಿ, ಅಮ್ಮ ಗಾರ್ಮೆಂಟ್ಸ್ ಕೆಲಸದಿಂದ ಎಂಟು ಗಂಟೆಗೆ ಬಂದು, ಅಷ್ಟು ಹೊತ್ತಿಗೆ ಮಗು ಮಲಗಿಬಿಟ್ಟಿದ್ದರೆ ಆ ಸಂದೇಶದಿಂದ ಏನೂ ಪ್ರಯೋಜನವಿಲ್ಲ.

ಗ್ರೂಪ್ ಕಟ್ಟುವಾಗ

ನಂಬರ್ ಸೇವ್ ಮಾಡುವಾಗ ಮಗುವಿನ ಹೆಸರನ್ನು ಮುಂದಿಡಿ, ‘ಅಮ್ಮ’, ‘ತಾತ’, ‘ಅತ್ತೆ’ ಎಂಬುದನ್ನು ಹಿಂದೆ. ಉತ್ತರ ಬಂದಾಗ ಯಾವ ಮನೆಯದೆಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಗ್ರೂಪಿಗೆ ಸೇರಿಸಿದರೆ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಇದನ್ನು ಮೊದಲೇ ಹೇಳಿ, ಒಪ್ಪಿಗೆ ಕೇಳಿ ಸೇರಿಸಿ. ತಮ್ಮ ನಂಬರ್ ಹಂಚಲು ಮನಸ್ಸಿಲ್ಲದ ಹೆಣ್ಣುಮಕ್ಕಳು ಹಲವರಿರುತ್ತಾರೆ. ಅವರು ಅದನ್ನು ಬಾಯಿಬಿಟ್ಟು ಹೇಳದೆ ಗ್ರೂಪಿನಿಂದ ಹೊರಹೋಗುತ್ತಾರೆ, ಅಷ್ಟೇ. ಅಂಥವರಿಗೆ ಬ್ರಾಡ್‌ಕಾಸ್ಟ್ ಲಿಸ್ಟ್ ಒಳ್ಳೆಯದು. ಅದರಲ್ಲಿ ಒಂದೇ ಸಂದೇಶ ಹಲವರಿಗೆ ಬೇರೆ ಬೇರೆಯಾಗಿ ತಲುಪುತ್ತದೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಒಂದು ಲಿಸ್ಟಿನಲ್ಲಿ 256 ಜನರವರೆಗೆ ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುವುದು. ‘ಕಳಿಸಿದ್ದೆ, ಅರ್ಧ ಜನರಿಗೆ ಬಂದೇ ಇಲ್ಲ’ ಎಂಬ ದೂರಿಗೆ ಸಾಮಾನ್ಯವಾಗಿ ಕಾರಣ ಇದೇ. ಸಭೆಗೆ ಬಂದ ದಿನ ಒಬ್ಬೊಬ್ಬರ ಫೋನನ್ನೂ ತೆಗೆಸಿ, ‘ಅಂಗನವಾಡಿ ಟೀಚರ್’ ಎಂದು ಎದುರಿಗೇ ಸೇವ್ ಮಾಡಿಸಿ.

ಗ್ರೂಪನ್ನು ಅಡ್ಮಿನ್ ಮಾತ್ರ ಬರೆಯುವಂತೆ ಮುಚ್ಚಬೇಕೆ? ಗುಡ್ ಮಾರ್ನಿಂಗ್ ಚಿತ್ರಗಳ ಕಾಟಕ್ಕೆ ಬೇಸತ್ತವರು ಹಾಗೆ ಮಾಡುತ್ತಾರೆ. ತೆರೆದಿಡುವುದೇ ಮೇಲು. ಪಕ್ಕದ ಮನೆಯ ಮಗುವಿನ ದನಿ ಗ್ರೂಪಿನಲ್ಲಿ ಕೇಳಿದಾಗ ‘ನಮ್ಮ ಪಾಪನೂ ಮಾಡುತ್ತೆ’ ಎಂದು ಇನ್ನೊಬ್ಬರು ಹೊರಡುತ್ತಾರೆ; ಮುಚ್ಚಿದ ಗ್ರೂಪಿನಲ್ಲಿ ಅದು ಆಗುವುದಿಲ್ಲ. ಬದಲಿಗೆ ಎರಡೇ ನಿಯಮ ಇರಲಿ: ಫಾರ್ವರ್ಡ್ ಮಾಡಿದ ಯಾವುದನ್ನೂ ಹಾಕಬಾರದು, ರಾತ್ರಿ ಒಂಬತ್ತರ ಮೇಲೆ ಏನೂ ಬೇಡ. ಇವನ್ನು ಗ್ರೂಪಿನ ವಿವರಣೆಯಲ್ಲಿ ಬರೆಯಿರಿ, ಜೊತೆಗೆ ನಿಮ್ಮ ದನಿಯಲ್ಲೂ ಹೇಳಿ ಪಿನ್ ಮಾಡಿ. ಪಿನ್ ಮಾಡಿದ್ದು ಹೆಚ್ಚೆಂದರೆ 30 ದಿನ ಮೇಲಿರುತ್ತದೆ, ಮತ್ತೆ ಮಾಡಬೇಕು.

ಅದೇ ದಿನ ಇನ್ನೊಂದು ಕೆಲಸ ಮಾಡಿಸಿ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಆ್ಯಂಡ್ ಡೇಟಾ ಎಂಬಲ್ಲಿಗೆ ಹೋಗಿ, ಮೊಬೈಲ್ ಡೇಟಾದಲ್ಲಿ ವಿಡಿಯೊ ತಾನಾಗಿ ಡೌನ್‌ಲೋಡ್ ಆಗದಂತೆ ಗುರುತು ತೆಗೆಸಿ. ಫೋನ್ ತುಂಬಿ ನಿಂತರೆ ಮನೆಯವರು ಮೊದಲು ಅಳಿಸುವುದು ಅಂಗನವಾಡಿ ಗ್ರೂಪನ್ನೇ.

ಏನನ್ನು ಆರಿಸುವುದು, ಎಲ್ಲಿಂದ

ವಾರದ ವಿಷಯ ಯಾವುದೋ ಅದಕ್ಕೆ ಹೊಂದುವುದನ್ನೇ ಆರಿಸಿ. ಅಂಗನವಾಡಿಯಲ್ಲಿ ‘ತರಕಾರಿ’ ನಡೆಯುತ್ತಿರುವಾಗ ಗ್ರೂಪಿನಲ್ಲಿ ಗ್ರಹಗಳ ವಿಡಿಯೊ ಬಂದರೆ ಮನೆಯ ಮಾತು, ಕೇಂದ್ರದ ಮಾತು ಕೂಡುವುದಿಲ್ಲ. ಮೂರರಿಂದ ಆರು ವರ್ಷದವರಿಗಾಗಿ ಕೇಂದ್ರ ಸರ್ಕಾರ 2024ರಲ್ಲಿ ತಂದ ‘ಆಧಾರಶಿಲಾ’ ಪಠ್ಯಕ್ರಮದಲ್ಲಿ 48 ವಾರಗಳ ಯೋಜನೆ ಇದೆ. ಹುಟ್ಟಿನಿಂದ ಮೂರು ವರ್ಷದವರೆಗಿನ ‘ನವಚೇತನಾ’ದಲ್ಲಿ 36 ತಿಂಗಳಿಗೆ ಹಂಚಿದ 140 ಚಟುವಟಿಕೆಗಳಿವೆ. ಮನೆಯಲ್ಲಿ ಪುಟ್ಟ ತಮ್ಮ ತಂಗಿಯರಿದ್ದರೆ ಅವರಿಗೂ ಅಲ್ಲಿಂದ ಆರಿಸಬಹುದು. ಒಂದನೇ ತರಗತಿಗೆ ಹೊರಟ ಮಕ್ಕಳಿಗೆ ಎನ್‌ಸಿಇಆರ್‌ಟಿಯ ‘ವಿದ್ಯಾಪ್ರವೇಶ’ ಇದೆ. ಅದು ಮೂರು ತಿಂಗಳ, ಆಟದ ರೂಪದ ಸಿದ್ಧತೆ. ಇವೆಲ್ಲ ಟೀಚರ್ ಓದಬೇಕಾದವು. ಇವುಗಳ ಪಿಡಿಎಫ್‌ಗಳನ್ನು ಗ್ರೂಪಿಗೆ ಹಾಕಬೇಡಿ, ಯಾರೂ ತೆರೆಯುವುದಿಲ್ಲ.

ಕಥೆಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣ ಬಳಸಿ. 2015ರಲ್ಲಿ ಶುರುವಾದ ಇದರಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಭಾಷೆಯಲ್ಲಿ ಕನ್ನಡ, ಹಂತದಲ್ಲಿ 1 ಎಂದು ಆರಿಸಿ. ಒಂದನೇ ಹಂತದ ಕಥೆಗಳಲ್ಲಿ 250ಕ್ಕಿಂತ ಕಡಿಮೆ ಪದಗಳಿರುತ್ತವೆ, ಮಾತುಗಳು ಮತ್ತೆ ಮತ್ತೆ ಬರುತ್ತವೆ. ಅಂಗನವಾಡಿ ಮಕ್ಕಳಿಗೆ ಇದೇ ಸರಿ. ಎರಡನೇ ಹಂತ ಐದು ದಾಟಿದವರಿಗೆ, ಅದೂ ಕಥೆ ಕೇಳುವ ಅಭ್ಯಾಸ ಕೂಡಿದ ಮೇಲೆ. ಡೌನ್‌ಲೋಡ್ ಮಾಡುವಾಗ ಕಡಿಮೆ ಗಾತ್ರದ ಪಿಡಿಎಫ್ ಆರಿಸಿ. ಇಲ್ಲಿನ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಇರುವುದರಿಂದ ಹಂಚಬಹುದು, ಅನುವಾದಿಸಬಹುದು, ನಿಮ್ಮ ದನಿಯಲ್ಲಿ ಓದಿ ಕಳಿಸಬಹುದು. ಬರೆದವರ, ಚಿತ್ರ ಬಿಡಿಸಿದವರ, ಪ್ರಕಾಶಕರ ಹೆಸರನ್ನು ಮಾತ್ರ ಬಿಡುವಂತಿಲ್ಲ. ಪುಟಗಳ ಚಿತ್ರ ತೆಗೆದು ಕಳಿಸುವುದಾದರೆ ಆ ಹೆಸರುಗಳಿರುವ ಪುಟವನ್ನೂ ಸೇರಿಸಿ.

ಮನೆಮಾತು ಕನ್ನಡವಲ್ಲದ ಮಕ್ಕಳಿಗೆ ಅದೇ ತಾಣದಲ್ಲಿ ಉರ್ದು, ತೆಲುಗು, ಮರಾಠಿ, ತಮಿಳು, ಕೊಂಕಣಿ ಕಥೆಗಳಿವೆ. ಲಂಬಾಣಿ ತಾಂಡಾದಲ್ಲಿ ಕೆಲಸ ಮಾಡುವವರು ಕನ್ನಡದ ಚಿತ್ರಕಥೆಯನ್ನೇ ಇಟ್ಟುಕೊಂಡು, ತಾಂಡಾದ ಒಬ್ಬ ಅಮ್ಮನ ಕೈಲಿ ಲಂಬಾಣಿಯಲ್ಲಿ ಹೇಳಿಸಿ ದನಿ ಕಳಿಸಬಹುದು. ಹಾಗೆ ಹೇಳಿದ ಅಮ್ಮ ಆಮೇಲೆ ಗ್ರೂಪಿಗೇ ಆಧಾರವಾಗುತ್ತಾಳೆ. ‘ಮನೆಯಲ್ಲಿ ಕನ್ನಡದಲ್ಲೇ ಮಾತಾಡಿ’ ಎಂದು ಯಾರಿಗೂ ಹೇಳಬೇಡಿ. ಮನೆಮಾತಿನಲ್ಲಿ ಗಟ್ಟಿಯಾಗಿ ಮಾತಾಡುವ ಮಗುವಿಗೆ ಕನ್ನಡ ಕಲಿಯುವುದು ಸುಲಭ.

ಯೂಟ್ಯೂಬಿನಲ್ಲಿ ಒಳ್ಳೆಯ ಚಟುವಟಿಕೆಗಳು ಖಂಡಿತ ಇವೆ. ಅವನ್ನು ನೀವು ನೋಡಿ. ಕೊನೆಯವರೆಗೂ ನೋಡಿ, ಏಕೆಂದರೆ ನಡುವೆ ಏನು ಜಾಹೀರಾತು ಬರುತ್ತದೆ, ಅಂಟು, ಕತ್ತರಿ, ಬಣ್ಣದ ಕಾಗದ ಎಷ್ಟು ಬೇಕಾಗುತ್ತದೆ ಎಂಬುದು ಆಗಲೇ ತಿಳಿಯುವುದು. ಅಂಗಡಿಗೆ ಹೋಗಿ ಏನಾದರೂ ತರಬೇಕಾಗುವ ಚಟುವಟಿಕೆಯನ್ನು ಬಿಟ್ಟುಬಿಡಿ. ಉಳಿದದ್ದರ ತಿರುಳನ್ನು ಹಿಡಿದು, ಮನೆಯಲ್ಲಿರುವ ಸಾಮಾನಿಗೆ ಹೊಂದಿಸಿ, ನಿಮ್ಮ ಮಾತಿನಲ್ಲಿ ಕಳಿಸಿ. ಲಿಂಕ್ ಬೇಡ.

ಒಂದು ನಿಮಿಷದ ದನಿ

ಬರಹಕ್ಕಿಂತ ವಾಯ್ಸ್ ಮೆಸೇಜ್ ಮೇಲು. ಓದಲು ಬಾರದ ಅಜ್ಜಿಗೂ ತಲುಪುತ್ತದೆ, ರೊಟ್ಟಿ ತಟ್ಟುತ್ತಲೇ ಕೇಳಬಹುದು, ಒಂದು ನಿಮಿಷಕ್ಕೆ ಖರ್ಚಾಗುವುದು ಸುಮಾರು 150 ಕೆಬಿ ಮಾತ್ರ. ಅಷ್ಟೇ ಹೊತ್ತಿನ ವಿಡಿಯೊಗೆ ಅದರ ಹತ್ತಾರು ಪಟ್ಟು ಬೇಕು.

ಹಳೆ ಮೈಸೂರು ಕಡೆ ಅವರೆಕಾಯಿ ಕಾಲದಲ್ಲಿ ಕಳಿಸಬಹುದಾದ ಒಂದು ಸಂದೇಶ ಇಲ್ಲಿದೆ:

“ನಮಸ್ಕಾರ, ಅಂಗನವಾಡಿ ಟೀಚರ್ ಮಾತಾಡ್ತಿದೀನಿ. ಈ ವಾರ ಹಿತುಕಿದವರೆ ಸಾರು ಮಾಡೋ ದಿನ, ನೆನೆಸಿದ ಕಾಳಲ್ಲಿ ಒಂದು ಹಿಡಿ ತೆಗೆದು ಬಟ್ಟಲಿಗೆ ಹಾಕಿ ಪಾಪು ಮುಂದೆ ಇಡಿ. ಪಕ್ಕದಲ್ಲೊಂದು ಖಾಲಿ ತಟ್ಟೆ. ಮೊದಲು ನೀವೊಂದು ಕಾಳು ಹಿತುಕಿ ತೋರಿಸಿ, ಆಮೇಲೆ ಪಾಪು ಹಿತುಕಲಿ. ಕಾಳು ಪುಳಕ್ ಅಂತ ಹಾರಿ ಆಚೆ ಬಿದ್ರೆ ಬೀಳ್ಲಿ, ಬೈಬೇಡಿ. ಹತ್ತು ಕಾಳಾದ ಮೇಲೆ ಇಬ್ರೂ ಸೇರಿ ಎಣಿಸಿ. ‘ಕಾಳು ಒಳಗಿಂದ ಹೆಂಗೆ ಬಂತು?’ ಅಂತ ಕೇಳಿ, ಏನು ಹೇಳುತ್ತೋ ಪೂರ್ತಿ ಕೇಳಿಸ್ಕೊಳ್ಳಿ. ಹಸಿ ಕಾಳು ತಿನ್ನೋಕೆ ಬಿಡಬೇಡಿ, ಮೂಗಿಗೆ ಕಿವಿಗೆ ಹಾಕ್ಕೊಳ್ದಂಗೆ ಹತ್ರಾನೇ ಕೂತಿರಿ. ಮಾರನೇ ದಿನ ಎರಡು ಸಿಪ್ಪೆ ಕೈಲಿ ಕೊಟ್ಟು ಕಳ್ಸಿ.”

ಇದರಲ್ಲಿ ಏನೇನಿದೆ ಗಮನಿಸಿ. ಮನೆಯಲ್ಲಿ ಹೇಗೂ ನಡೆಯುವ ಕೆಲಸ, ಆದ್ದರಿಂದ ಅಮ್ಮನಿಗೆ ಹೊಸ ಹೊರೆಯಿಲ್ಲ. ದೊಡ್ಡವರು ಮಾಡಿ ತೋರಿಸುತ್ತಾರೆ, ಮಗು ಮಾಡುತ್ತದೆ, ಜೊತೆಗೆ ಎಣಿಸುತ್ತಾರೆ. ಹೌದು, ಇಲ್ಲ ಎಂದು ಮುಗಿಸಲಾಗದ ಒಂದು ಪ್ರಶ್ನೆ. ಒಂದು ಎಚ್ಚರಿಕೆ. ಮಾರನೆಯ ದಿನ ಕೇಂದ್ರಕ್ಕೆ ಮರಳಿ ಬರಬೇಕಾದ ಒಂದು ವಸ್ತು. ‘ಕಲಿಸಿ’, ‘ಚಟುವಟಿಕೆ’, ‘ಕೌಶಲ’ ಎಂಬ ಮಾತುಗಳು ಎಲ್ಲೂ ಇಲ್ಲ. ಅವು ಕಿವಿಗೆ ಬಿದ್ದರೆ ಓದು ಬಾರದವರು ‘ಇದು ನಮ್ಮಿಂದ ಆಗದ್ದು’ ಎಂದು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ನಿಮ್ಮೂರಿನ ಮನೆಗಳಲ್ಲಿ ಏನು ನಡೆಯುತ್ತದೋ ಅದನ್ನು ಹಿಡಿಯಿರಿ. ಧಾರವಾಡ, ಗದಗ ಕಡೆ ಶೇಂಗಾ ಸುಲಿಯುವುದು, ಜೋಳದ ಹಿಟ್ಟಿನ ಉಂಡೆ ಕಟ್ಟುವುದು. ಕರಾವಳಿಯಲ್ಲಿ ಬಸಳೆ ಎಲೆ ಬಿಡಿಸಿ ದೊಡ್ಡದು ಸಣ್ಣದು ಜೋಡಿಸುವುದು. ನಗರದ ಬಾಡಿಗೆ ಮನೆಯಲ್ಲಿ ಒಗೆದ ಬಟ್ಟೆ ಮಡಿಸುವಾಗ ಅಪ್ಪನದು ಅಮ್ಮನದು ಬೇರೆ ಮಾಡುವುದು, ಜೋಡಿ ಸಾಕ್ಸ್ ಹುಡುಕುವುದು.

ದನಿ ಒಂದೂವರೆ ನಿಮಿಷ ಮೀರದಿರಲಿ, ಮೀರಿದರೆ ನಡುವೆಯೇ ನಿಲ್ಲಿಸುತ್ತಾರೆ. ಫ್ಯಾನ್ ಆರಿಸಿ, ಬಾಗಿಲು ಹಾಕಿಕೊಂಡು, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ಮಾತಾಡಿ. ಒಂದು ದನಿಯಲ್ಲಿ ಒಂದೇ ಆಟ. ಜೊತೆಗೊಂದು ಫೋಟೊ ಹಾಕಬಹುದು, ಬಟ್ಟಲು, ತಟ್ಟೆ, ಕಾಳು ಇಷ್ಟೇ ಕಾಣುವಂಥದ್ದು.

ವಾರಕ್ಕೆ ಮೂರು ಸಂದೇಶ ಸಾಕು: ಸೋಮವಾರ ಕೈಕೆಲಸದ ಆಟ, ಬುಧವಾರ ಕಥೆ, ಶನಿವಾರ ಮಕ್ಕಳಿಂದ ಬಂದ ಮಾತುಗಳು. ದಿನಾ ಕಳಿಸಿದರೆ ಎರಡನೇ ವಾರಕ್ಕೆ ಯಾರೂ ಕೇಳುವುದಿಲ್ಲ. ಫೋನ್ ಮನೆಗೆ ಬರುವ ಹೊತ್ತು ನಿಮ್ಮ ನೋಟ್‌ಬುಕ್ಕಿನಲ್ಲಿದೆ, ಹೆಚ್ಚಿನವರಿಗೆ ಹೊಂದುವ ಗಂಟೆ ಆರಿಸಿ ವರ್ಷಪೂರ್ತಿ ಅದನ್ನೇ ಪಾಲಿಸಿ.

ಫೋನಿನಲ್ಲಿ ಕಥೆ ಓದುವ ರೀತಿ

ಪರದೆಯನ್ನು ಮಗು ನೋಡಬೇಕಾದ ಸಂದರ್ಭ ಇದೊಂದೇ, ಹಾಗಾಗಿ ಇದಕ್ಕೆ ಕ್ರಮ ಬೇಕು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪಿಡಿಎಫ್ ತೆರೆಯಲು ಹೇಳಿ. ಫೋನ್ ಹಿಡಿಯುವವರು, ಪುಟ ಸರಿಸುವವರು ದೊಡ್ಡವರೇ. ಮಗು ತೊಡೆಯ ಮೇಲೆ ಅಥವಾ ಪಕ್ಕದಲ್ಲಿ. ಅಕ್ಷರ ಬಾರದವರು ಚಿತ್ರ ನೋಡಿ ತಮಗೆ ತೋಚಿದ ಕಥೆ ಹೇಳಲಿ, ಅದರಿಂದ ಮಗುವಿಗೆ ಯಾವ ನಷ್ಟವೂ ಇಲ್ಲ. ಎಷ್ಟೋ ಅಜ್ಜಿಯರು ಹಾಗೆ ಹೇಳುವ ಕಥೆ ಪುಸ್ತಕದ್ದಕ್ಕಿಂತ ರಸವತ್ತಾಗಿರುತ್ತದೆ.

ಒಂದೇ ಕಥೆಯನ್ನು ಮೂರು ದಿನ ಓದಿಸಿ. ಮೊದಲ ದಿನ ದೊಡ್ಡವರು ಹೇಳುತ್ತಾರೆ. ಎರಡನೇ ದಿನ ಪುಟಕ್ಕೊಂದರಂತೆ ಕೇಳುತ್ತಾ ಹೋಗುತ್ತಾರೆ: ಇದ್ಯಾರು, ಏನ್ ಮಾಡ್ತಿದೆ, ಯಾಕೆ ಅಳ್ತಿದೆ, ಮುಂದೇನಾಯ್ತು. ಮೂರನೇ ದಿನ ಮಗು ಹೇಳುತ್ತದೆ, ದೊಡ್ಡವರು ಕೇಳುತ್ತಾರೆ. ಮಗು ಅರ್ಧಂಬರ್ಧ ಹೇಳಿದ್ದನ್ನು ತಿದ್ದುವ ಬದಲು ಸ್ವಲ್ಪ ಉದ್ದ ಮಾಡಿ ಮರಳಿಸಬೇಕು. ‘ನಾಯಿ ಓಡ್ತು’ ಅಂದರೆ ‘ಹ್ಞೂಂ, ಕರಿ ನಾಯಿ ಬೆಕ್ಕಿನ ಹಿಂದೆ ಓಡ್ತು’. ಮಾರನೆಯ ದಿನ ಮಗು ಅದೇ ಉದ್ದನೆಯ ವಾಕ್ಯ ಹೇಳಲು ಹೊರಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪರೀಕ್ಷಿಸಿ ತೋರಿಸಿದ ವಿಧಾನದ ಸಾರ ಇದೇ: ಓದುವಾಗ ಮಗುವನ್ನು ಮಾತಾಡಿಸಿದರೆ ಅದರ ಮಾತು ಬೇಗ ಬೆಳೆಯುತ್ತದೆ.

ಇಲ್ಲಿ ತಪ್ಪುವುದು ಒಂದು ಕಡೆ. ಕೆಲವು ಮನೆಗಳಲ್ಲಿ ಕಥೆ ಪರೀಕ್ಷೆಯಾಗಿಬಿಡುತ್ತದೆ. ‘ಇದು ಯಾವ ಬಣ್ಣ ಹೇಳು, ಹೇಳು ಅಂದ್ರೆ’ ಎಂದು ಒತ್ತಾಯಿಸಿದರೆ ಮಗು ಮುಂದಿನ ಸಲ ಹತ್ತಿರವೇ ಬರುವುದಿಲ್ಲ. ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಕಾಯಲು ಹೇಳಿ. ಉತ್ತರ ಬರದಿದ್ದರೆ ತಾವೇ ಹೇಳಿ ಮುಂದಕ್ಕೆ ಹೋಗಲಿ.

ದೂರದ ಊರಲ್ಲೋ ವಿದೇಶದಲ್ಲೋ ಇರುವ ಮೊಮ್ಮಕ್ಕಳಿಗೆ ಅಜ್ಜ ಅಜ್ಜಿ ವಿಡಿಯೊ ಕಾಲ್‌ನಲ್ಲಿ ಹೀಗೇ ಕಥೆ ಹೇಳಬಹುದು. ಆ ಕಡೆ ಮಗುವಿನ ಪಕ್ಕದಲ್ಲಿ ಅದೇ ಕಥೆಯ ಪ್ರಿಂಟ್ ಹಿಡಿದು ಒಬ್ಬರು ಕೂತಿರಬೇಕು.

ಸಾಮಾನು ಆರಿಸುವಾಗ ಎಚ್ಚರ

ಮೂರು ವರ್ಷ ತುಂಬದ ಮಕ್ಕಳಿರುವ ಮನೆಗೆ ಸುಮಾರು 3 ಸೆಂ.ಮೀ. ಅಡ್ಡಳತೆಗಿಂತ ಚಿಕ್ಕದಾದ ಯಾವುದನ್ನೂ ಹೇಳಬೇಡಿ. ಕಾಳು, ಗುಂಡಿ, ಗೋಲಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಆ ವಯಸ್ಸಿಗೆ ಲೋಟ, ಸೌಟು, ಮುಚ್ಚಳ, ಈರುಳ್ಳಿ, ಆಲೂಗೆಡ್ಡೆ. ಅಕ್ಕನಿಗೆ ಹೇಳಿದ ಆಟದ ಕಾಳು ಅಂಬೆಗಾಲಿಡುವ ತಮ್ಮನ ಬಾಯಿಗೆ ಹೋಗುವುದೇ ಹೆಚ್ಚು, ಆದ್ದರಿಂದ ಮುಗಿದ ಮೇಲೆ ನೆಲ ಗುಡಿಸಲು ಸಂದೇಶದಲ್ಲೇ ಹೇಳಿ. ಸುಲಿದ ಶೇಂಗಾ ಆಟಕ್ಕೆ ಸರಿ, ಆದರೆ ಪುಟ್ಟ ಮಕ್ಕಳಿಗೆ ಇಡೀ ಕಾಳು ತಿನ್ನಲು ಬೇಡ. ಪುಡಿ ಮಾಡಿ ಕೊಡಲಿ.

ಅಳಗುಳಿ ಮಣೆ ಐದು ವರ್ಷದ ಮಗುವಿಗೆ ಎಣಿಕೆಯ ಒಳ್ಳೆಯ ಆಟ: ಏಳು ಏಳರ ಎರಡು ಸಾಲು ಗುಳಿ, ಒಂದೊಂದಾಗಿ ಕಾಯಿ ಬಿಡುತ್ತಾ ಹೋಗುವಾಗ ಒಂದು ಗುಳಿಗೆ ಒಂದೇ ಕಾಯಿ ಎಂಬುದು ಕೈಗೇ ತಿಳಿಯುತ್ತದೆ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದರೂ ಆಯಿತು. ಹುಣಸೆ ಬೀಜ ಬಳಸಿ. ಹಳೆಯ ಮಣೆಗಳ ಜೊತೆ ಗುಲಗಂಜಿ ಇಟ್ಟಿರುವ ಮನೆಗಳಿವೆ. ಅದು ಕೆಂಪು ಕಪ್ಪಾಗಿ ಮಕ್ಕಳ ಕಣ್ಣು ಸೆಳೆಯುತ್ತದೆ, ಆದರೆ ಅಗಿದರೆ ಪ್ರಾಣಕ್ಕೇ ಅಪಾಯ. ಹರಳುಬೀಜವೂ ಹಾಗೆಯೇ. ಎರಡನ್ನೂ ಮಕ್ಕಳ ಕೈಗೆಟುಕದಂತೆ ತೆಗೆದಿಡಲು ಸ್ಪಷ್ಟವಾಗಿ ಹೇಳಿ.

ಮರಳಿ ಬರಬೇಕಾದದ್ದು

ನೀಲಿ ಟಿಕ್ ಬಿದ್ದರೆ ಫೋನ್ ತೆರೆದಿದ್ದಾರೆ ಎಂದಷ್ಟೇ ಅರ್ಥ. ಮನೆಯಲ್ಲಿ ಆಟ ನಡೆಯಿತೇ ಎಂಬುದು ತಿಳಿಯುವುದು ಮಾರನೆಯ ಬೆಳಿಗ್ಗೆ, ಮಕ್ಕಳಿಂದ. ಸಿಪ್ಪೆ ತಂದವರು ತೋರಿಸಲಿ, ‘ಯಾರ ಜೊತೆ ಹಿತುಕಿದೆ, ಏನಾಯ್ತು’ ಎಂದು ಕೇಳಿ ಹತ್ತು ನಿಮಿಷ ಮಾತಾಡಿಸಿ. ಸಿಪ್ಪೆ ತರದ ಮಕ್ಕಳಿಗೆ ಕೇಂದ್ರದಲ್ಲೇ ಒಂದು ಹಿಡಿ ಕಾಳು ಇಟ್ಟಿರಿ, ಅವರೂ ಅಲ್ಲೇ ಹಿತುಕಿ ಮಾತಿಗೆ ಸೇರಲಿ. ನೋಟ್‌ಬುಕ್ಕಿನಲ್ಲಿ ಮಗುವಿನ ಪುಟದಲ್ಲಿ ದಿನಾಂಕ, ಆಟ, ಮಗು ಹೇಳಿದ ಒಂದು ಮಾತು ಬರೆದಿಡಿ. ಪೋಷಕರ ಸಭೆಯಲ್ಲಿ ಈ ಒಂದೊಂದು ಮಾತೂ ಅಂಕಪಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಗ್ರೂಪಿಗೆ ಫೋಟೊ ಕೇಳಬೇಡಿ, ಮಗುವಿನ ದನಿ ಕೇಳಿ. ಹತ್ತಿಪ್ಪತ್ತು ಸೆಕೆಂಡು ಸಾಕು. ಫೋಟೊ ಕೇಳಿದ ಕೂಡಲೇ ಮಗುವಿಗೆ ಹೊಸ ಬಟ್ಟೆ ಹಾಕಿ, ಕಾಳು ಮುಂದಿಟ್ಟು, ಚಿತ್ರ ಹೊಡೆದು ಮುಗಿಸುತ್ತಾರೆ, ಆಟ ನಡೆಯುವುದಿಲ್ಲ. ಮನೆಯ ಗೋಡೆ, ನೆಲ ತೋರಿಸಲು ಸಂಕೋಚಪಡುವವರು ಉತ್ತರಿಸುವುದನ್ನೇ ಬಿಡುತ್ತಾರೆ. ಇನ್ನು ಮಕ್ಕಳ ಚಿತ್ರ ಒಮ್ಮೆ ಹೊರಗೆ ಹೋದರೆ ಹಿಡಿಯಲಾಗದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಇಲಾಖೆಗೋ ದಾನಿಗಳಿಗೋ ಚಿತ್ರ ಬೇಕಾದರೆ ಎಲ್ಲಿ ಬಳಸುತ್ತೀರೆಂದು ತಿಳಿಸಿ, ಬರಹದಲ್ಲಿ ಒಪ್ಪಿಗೆ ಪಡೆದು, ಕೈ ಮತ್ತು ಕೆಲಸ ಮಾತ್ರ ಕಾಣುವಂತೆ ತೆಗೆಯಿರಿ. ನಿಮ್ಮ ಸ್ಟೇಟಸ್‌ನಲ್ಲಿ ಮಕ್ಕಳ ಮುಖ ಹಾಕಲೇಬೇಡಿ.

‘ಈ ವಾರದ ಉತ್ತಮ ತಾಯಿ’ ಎಂಬಂಥ ಬಹುಮಾನ ಬೇಡ. ಉತ್ತರಿಸದವರ ಹೆಸರನ್ನು ಗ್ರೂಪಿನಲ್ಲಿ ಎತ್ತುವುದಂತೂ ಕೂಡದು. ಅವರಲ್ಲಿ ಹೆಚ್ಚಿನವರು ದಿನಗೂಲಿಯಿಂದ ಸೋತು ಬಂದವರು. ಬಾಗಿಲಲ್ಲಿ ಸಿಕ್ಕಾಗ ‘ಹೆಂಗಿದೀರಕ್ಕಾ, ಪಾಪು ನಿನ್ನೆ ಹೊಸ ಹಾಡು ಹೇಳ್ತು’ ಎಂದು ಶುರುಮಾಡಿದರೆ ಮಾತು ತಾನಾಗಿ ಮುಂದುವರಿಯುತ್ತದೆ.

ಫೋನಿಲ್ಲದ ಮನೆ, ಗುಳೆ ಹೋದ ಮನೆ

ಕೀಪ್ಯಾಡ್ ಫೋನಿನ ಮನೆಗೆ ಸೋಮವಾರ ಸಂಜೆ ಕಾಲ್ ಮಾಡಿ ಅದೇ ಒಂದು ನಿಮಿಷದ ಮಾತನ್ನು ಹೇಳಿ. ಐದಾರು ಮನೆಯಿದ್ದರೆ ಕಾಲು ಗಂಟೆಯ ಕೆಲಸ. ಫೋನೇ ಇಲ್ಲದವರಿಗೆ ಮಗುವನ್ನು ಕರೆದೊಯ್ಯುವಾಗ ಬಾಯಿಮಾತಿನಲ್ಲಿ ಹೇಳಿ, ಬೇಕಾದ ಸಾಮಾನನ್ನೂ ತೋರಿಸಿ. ಅಕ್ಕಪಕ್ಕದ ಎರಡು ಮನೆಗಳನ್ನು ಜೋಡಿ ಮಾಡುವುದೂ ಆಗುತ್ತದೆ. ಮೊದಲು ಇಬ್ಬರನ್ನೂ ಕೇಳಿ, ನಡುವೆ ಮನಸ್ತಾಪವಿದ್ದರೆ ಬೇಡ.

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರು, ಪುಣೆಗೆ ಗುಳೆ ಹೋಗುವ ಕುಟುಂಬಗಳನ್ನು ಗ್ರೂಪಿನಿಂದ ತೆಗೆಯಬೇಡಿ. ಊರಿನ ಟೀಚರ ದನಿ ಕಟ್ಟಡ ಕೆಲಸದ ಶೆಡ್ಡಿನಲ್ಲೂ ಕೇಳಿಸಬಲ್ಲದು. ಅವರಿಗೆ ಭಾನುವಾರ ಕಳಿಸಿ, ಸಾಮಾನು ಬೇಡದ ಆಟಗಳನ್ನೇ ಆರಿಸಿ: ಒಗಟು, ಪ್ರಾಸದ ಮಾತು, ಹೆಜ್ಜೆ ಎಣಿಸುವುದು, ಒಂದು ಹೆಸರು ಹೇಳಿ ಅದೇ ಸದ್ದಿನ ಇನ್ನೊಂದು ಹುಡುಕುವುದು. ಹೋದ ಊರಿನ ಹತ್ತಿರದ ಅಂಗನವಾಡಿಗೆ ಮಗುವನ್ನು ಸೇರಿಸಲು ನೆನಪಿಸುತ್ತಿರಿ.

ತಿಂಗಳ ಇಸಿಸಿಇ ದಿನ, ಅಂದರೆ ಪುಟ್ಟ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕಾಗಿ ಅಂಗನವಾಡಿಯಲ್ಲಿ ನಡೆಸುವ ದಿನ, ಎಲ್ಲರೂ ಒಟ್ಟಾಗುವ ಸಂದರ್ಭ. ಆ ದಿನ ಭಾಷಣ ಬೇಡ. ಒಂದು ಫೋನಿಗೆ ಸ್ಪೀಕರ್ ಹಾಕಿ ದನಿ ಕೇಳಿಸಿ, ಹತ್ತು ನಿಮಿಷ ಅಮ್ಮ, ಅಜ್ಜಿ, ಅಪ್ಪಂದಿರು ನೆಲದಲ್ಲಿ ಕೂತು ಮಕ್ಕಳ ಜೊತೆ ಆಡಲಿ. ಒಮ್ಮೆ ಕೈಯಾರೆ ಮಾಡಿದವರಿಗೆ ಮುಂದಿನ ಸಂದೇಶಗಳು ಅರ್ಧ ಹೇಳಿದರೂ ತಿಳಿಯುತ್ತವೆ.

‘ಅ ಆ ಇ ಈ ಯಾವಾಗ ಬರೆಸ್ತೀರಾ?’

ಈ ಪ್ರಶ್ನೆ ಎಲ್ಲ ಗ್ರೂಪಿನಲ್ಲೂ ಬರುತ್ತದೆ, ಸಾಮಾನ್ಯವಾಗಿ ಪಕ್ಕದ ಕಾನ್ವೆಂಟಿನ ಮಗುವಿನ ಹೋಂವರ್ಕ್ ನೋಡಿ. ಅದನ್ನು ತಳ್ಳಿಹಾಕಬೇಡಿ, ಮಗು ಓದಲಿ ಎಂಬ ಆಸೆಯೇ ಅಲ್ಲಿರುವುದು. ಉತ್ತರವನ್ನು ಕೈಯಲ್ಲೇ ತೋರಿಸಿ. ಅವರೆಕಾಳು ಹಿತುಕುವಾಗ ಹೆಬ್ಬೆರಳು, ತೋರುಬೆರಳು ಕೂಡುವ ಬಗೆಯನ್ನೂ ಪೆನ್ಸಿಲ್ ಹಿಡಿಯುವ ಬಗೆಯನ್ನೂ ಒಂದರ ಪಕ್ಕ ಒಂದು ಹಿಡಿದು ತೋರಿಸಿ. ಬೆರಳಿಗೆ ಬಲ ಬರುವ ಮುಂಚೆ ಬರೆಸಿದರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಆ ರೂಢಿಯನ್ನು ಆಮೇಲೆ ಬಿಡಿಸುವುದು ಕಷ್ಟ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತವಾಗಿ ನೋಡಿ, ಆಟದ ಮೂಲಕ ಕಲಿಕೆ ಎನ್ನುತ್ತದೆ. ಆದರೂ ಪೋಷಕರಿಗೆ ಏನಾದರೂ ಕೈಗೆ ಸಿಗಬೇಕು. ಐದು ದಾಟಿದವರ ಮನೆಗೆ ಮಗುವಿನ ಹೆಸರಿನ ಮೊದಲ ಅಕ್ಷರವನ್ನು ಹಿಟ್ಟಿನಲ್ಲಿ, ಮರಳಿನಲ್ಲಿ, ರಂಗೋಲಿ ಪುಡಿಯಲ್ಲಿ ಬೆರಳಿಂದ ತಿದ್ದುವ ಆಟ ಕಳಿಸಿ.

ಮೊದಲ ತಿಂಗಳು, ಕೊನೆಯ ತಿಂಗಳು

ಮೊದಲ ವಾರ ನೋಟ್‌ಬುಕ್ ಮಾತ್ರ. ಎರಡನೇ ವಾರ ಸಭೆ, ನಂಬರ್ ಸೇವ್ ಮಾಡಿಸುವುದು, ನಿಯಮದ ದನಿ. ಮೂರನೇ ವಾರ ಒಂದೇ ಒಂದು ಆಟ. ನಾಲ್ಕನೇ ವಾರ ಆಟ ಮತ್ತು ಕಥೆ. ಮೂರರಲ್ಲಿ ಒಂದು ಪಾಲು ಮನೆಗಳಿಂದ ಏನಾದರೂ ಮರಳಿ ಬಂದರೆ ಆರಂಭಕ್ಕೆ ಅದು ಒಳ್ಳೆಯದೇ. ಅದಕ್ಕಿಂತ ಕಡಿಮೆಯಾದರೆ ಆಟ ಬದಲಿಸುವ ಮೊದಲು ಕಳಿಸುವ ಹೊತ್ತನ್ನು ಬದಲಿಸಿ ನೋಡಿ, ಆಮೇಲೆ ಸಾಮಾನನ್ನು.

ರೀಚಾರ್ಜ್ ಆಫರಿಗಾಗಿ ನಂಬರ್ ಬದಲಿಸುವವರು ಬಹಳ. ಮೂರು ತಿಂಗಳಿಗೊಮ್ಮೆ ನಂಬರುಗಳನ್ನು ಸರಿನೋಡಿ, ಹಳೆಯ ನಂಬರನ್ನು ಗ್ರೂಪಿನಿಂದ ತೆಗೆಯಿರಿ. ಅದು ಬೇರೆ ಯಾರ ಕೈಗೋ ಹೋಗಿರುತ್ತದೆ. ಮಕ್ಕಳು ಒಂದನೇ ತರಗತಿಗೆ ಹೋಗುವ ಮುಂಚೆ ಆಯಾ ಮಗುವಿನ ದನಿಗಳನ್ನು ಅದರ ಮನೆಯವರಿಗೆ ಬೇರೆಯಾಗಿ ಕಳಿಸಿಕೊಟ್ಟು, ನಿಮ್ಮ ಫೋನಿನಿಂದ ಅಳಿಸಿ, ಅವರಿಗೆ ತಿಳಿಸಿ ಗ್ರೂಪಿನಿಂದ ಬಿಡುಗಡೆ ಮಾಡಿ. ನೋಟ್‌ಬುಕ್ಕಿನ ಪುಟವನ್ನು, ಮನೆಯವರು ಒಪ್ಪಿದರೆ, ಒಂದನೇ ತರಗತಿಯ ಟೀಚರಿಗೆ ದಾಟಿಸಿ. ಹೊಸ ಮಕ್ಕಳಿಗೆ ಹೊಸ ಗ್ರೂಪ್ ಮಾಡಿ, ಹಳೆಯದಕ್ಕೆ ಸೇರಿಸಬೇಡಿ.